ವಾಘ್ಯಾನನ್ನು ಜುಗೂಳಕ್ಕೆ ಬಿಟ್ಟು ಬಂದದ್ದು

ಹೋದ ದೀಪಾವಳಿಗೆ ಬಂದಾಗ ನೀವು ಮೂವರೂ ಸೇರಿ ಕೇಳಿದಿರಿ, ಎಲ್ಲರ ತೋಟದಲ್ಲೂ ನಾಯಿ ಇದೆ, ಆಯಿಯ ತೋಟದಲ್ಲಿ ಯಾಕಿಲ್ಲ ಎಂದು. ನಾನು ‘ಬೆಕ್ಕು ಐತಲ್ಲ’ ಎಂದು ಹೇಳಿ ಒಳಗೆ ಹೋದೆ. ನನಗೆ ಬಾಯಿಂದ ಹೇಳಲು ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತೆ. ಅಲ್ಲಿಯೂ ಗುರುಗಳು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸುತ್ತಿದ್ದೆ, ಆಮೇಲೆ ಪಾಟಿಯ ಮೇಲೆ ಬರೆದು ಅವರ ಮೇಜಿನ ಮೇಲೆ ಇಟ್ಟು ಬರುತ್ತಿದ್ದೆ. ಇದನ್ನೂ ಹಾಗೆಯೇ ಬರೆದು ಇಡುತ್ತಿದ್ದೇನೆ. ನಿಮ್ಮಲ್ಲಿ ದೊಡ್ಡವಳು ಓದಿ ಉಳಿದಿಬ್ಬರಿಗೆ ಹೇಳಲಿ. ಇದರಲ್ಲಿ ಬರುವ ಕೂಸು ಅವಳೇ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಇದನ್ನು ಓದಿದ ಮೇಲೆ ನಿಮ್ಮ ಆಯಿ ನಿಮಗೆ ಅಷ್ಟು ಒಳ್ಳೆಯವಳಾಗಿ ಕಾಣಲಿಕ್ಕಿಲ್ಲ.

ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ತೀರಿಕೊಂಡ ವರ್ಷ ನಿಮ್ಮ ಅವ್ವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಅಸ್ಥಿ ಬಿಡಲು ನಾವಿಬ್ಬರೂ ನೆಂಟರ ಜೊತೆ ಅಂಕಲಿಯ ಹತ್ತಿರ ಹೊಳೆಗೆ ಹೋಗಿದ್ದೆವು. ತಿರುಗಿ ಬರುವಷ್ಟರಲ್ಲಿ ಪಕ್ಕದ ತೋಟದವನು ಟ್ರ್ಯಾಕ್ಟರ್ ಹಾಕಿ, ಎರಡೂ ತೋಟದ ನಡುವಿನ ಬದುವನ್ನು ಒಡೆದು, ನಮ್ಮ ಕಡೆಯ ನಾಲ್ಕು ಸಾಲು ಭೂಮಿಯನ್ನು ತನ್ನ ಹೊಲಕ್ಕೆ ಸೇರಿಸಿಕೊಂಡಿದ್ದ. ಗಡಿಕಲ್ಲನ್ನು ಕಿತ್ತು ಒಳಗೆ ಸರಿಸಿ ನೆಟ್ಟಿದ್ದ. ಅವನು ಹೊರಗಿನವನಲ್ಲ, ನಿಮ್ಮ ಮುತ್ಯಾನ ಚಿಕ್ಕಪ್ಪನ ಮಗ. ಅಣ್ಣನ ಹೆಂಡತಿಯೆಂದು ನನ್ನನ್ನು ವೈನಿ ಎನ್ನುತ್ತಿದ್ದವನು. ಹೆಣ ಎತ್ತುವಾಗ ಹೆಗಲು ಕೊಟ್ಟವನು.

ವಾರ ಕಳೆದ ಮೇಲೆ ಹಾಲಿನ ಡೇರಿಯ ಮುಂದೆ ನಾನು ಸಾಲಿನಲ್ಲಿ ನಿಂತಿದ್ದಾಗ ಅವನು ಎಲ್ಲರೆದುರು ನಗುತ್ತ ಅಂದ.

“ಗಂಡಸಿಲ್ಲದ ಹೊಲಕ್ಕ ಬದಾ ಯಾಕ ಬೇಕ ವೈನಿ? ಎಮ್ಮಿ ಮೇಯಸಾಕ ಜಾಗಾ ಕಡಿಮಿ ಬಿದ್ರ ನನ್ನ ಕೇಳು. ನಾ ಏನ ಒಲ್ಲೆ ಅಂತೀನೇನ?”

ಸಾಲಿನಲ್ಲಿದ್ದ ಇಬ್ಬರು ಮೂವರು ನಕ್ಕರು. ಕ್ಯಾನಿನ ಮುಚ್ಚಳ ತೆಗೆಯಲು ಹೋಗಿ ಅದು ಕೈಜಾರಿ ಉರುಳಿತು, ಅದಕ್ಕೂ ನಕ್ಕರು. ಹೊಲದ ಅಳತೆಗೆ ಅರ್ಜಿ ಕೊಡು ಎಂದು ನನ್ನ ತಮ್ಮ ಹೇಳಿದ. ಕಚೇರಿಯಲ್ಲಿ ನಿಂತು ಮಾತಾಡುವುದು, ಅವನ ಎದುರು ನಿಂತು ಇದು ನನ್ನದು ಎನ್ನುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಆಗುವ ಕೆಲಸ ಯಾವುದು ಎಂದು ಹುಡುಕಿದೆ.

ಆ ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದೆವು. ಕುರಿಗಾರರ ನಾಯಿ ಮರಿ ಹಾಕಿತ್ತು. ಉದ್ದ ಕಾಲು, ಸೆಳೆದ ಹೊಟ್ಟೆ, ಮುಧೋಳದ ತಳಿ ಬೆರೆತದ್ದು. ಅವರು ಹೊರಡುವಾಗ ಒಂದು ಗಂಡು ಮರಿಯನ್ನು ಕೇಳಿ ಇಟ್ಟುಕೊಂಡೆ. ಕುರಿಗಾರರು ಇಟ್ಟ ಹೆಸರನ್ನೇ ಉಳಿಸಿಕೊಂಡೆ, ವಾಘ್ಯಾ, ಅಂದರೆ ಹುಲಿ.

ಪಕ್ಕದ ತೋಟದವನು ಸರಿಸಿದ ಕಲ್ಲಿನ ಗುಂಟ ಹೊಸ ಬದು ಹಾಕಿಕೊಂಡಿದ್ದ. ಅಲ್ಲಿಯ ಜಾಲಿಗಿಡದ ಮೇಲೆ ಅವನ ಟಾವೆಲ್ಲೊಂದು ಉಳಿದಿತ್ತು. ಅದನ್ನು ತಂದೆ. ದಿನಾ ಎರಡು ಹೊತ್ತು, ಎಮ್ಮೆ ಹಿಂಡಿದ ಕೂಡಲೇ, ಮರಿಗೆ ರೊಟ್ಟಿ ಹಾಕುವ ಮೊದಲು ಆ ಟಾವೆಲ್ಲನ್ನು ಅದರ ಮೂಗಿಗೆ ಹಿಡಿಯುತ್ತಿದ್ದೆ. ಆಮೇಲೆ ಅದಕ್ಕೆ ಗಂಟು ಹಾಕಿ ಮರಿಯ ಬೆನ್ನಿಗೆ ನಾಲ್ಕು ಪೆಟ್ಟು ಕೊಡುತ್ತಿದ್ದೆ. ಸಾಲಿಗೆ ಒಂದರಂತೆ ನಾಲ್ಕು. ಆಮೇಲೆ ಟಾವೆಲ್ಲನ್ನು ನೆಲಕ್ಕೆ ಎಸೆಯುತ್ತಿದ್ದೆ. ಮರಿ ಅದನ್ನು ಕಚ್ಚಿ, ಕೊಡವಿ, ಎಳೆದು ತಂದು ನನ್ನ ಕಾಲ ಬಳಿ ಹಾಕಿದರೆ ಹಾಲಿನಲ್ಲಿ ನೆನೆಸಿದ ರೊಟ್ಟಿ. ಹಾಕದಿದ್ದರೆ ಒಣ ರೊಟ್ಟಿ. ವಾಸನೆ ಹೋಗಬಾರದೆಂದು ಟಾವೆಲ್ಲನ್ನು ಒಗೆಯುತ್ತಿರಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡುತ್ತಿದ್ದೆ. ಏಳು ತಿಂಗಳು ಹೀಗೆ ಮಾಡಿದೆ. ಯಾರಿಗೂ ಹೇಳಲಿಲ್ಲ. ನಿಮ್ಮ ಅವ್ವನಿಗೆ ಮಾತ್ರ ಗೊತ್ತಿತ್ತು. ಅವಳು “ಪಾಪದ್ದನ್ನ ಯಾಕ ಬಡೀತಿಯವ್ವಾ” ಎಂದರೆ, ನೀನು ಸುಮ್ಮನಿರು ಎನ್ನುತ್ತಿದ್ದೆ.

ಎರಡನೆಯ ವರ್ಷ ಅವನು ನಮ್ಮ ಬಾವಿಯ ಪೈಪಿಗೆ ಕೈ ಹಾಕಲು ಬಂದಾಗ ವಾಘ್ಯಾ ಅವನ ಮೀನಖಂಡವನ್ನು ಹಿಡಿಯಿತು. ಪಂಚೆ ಹರಿಯಿತು, ಮಾಂಸವೂ ಹರಿಯಿತು. ಅವನು ಕುಂಟುತ್ತ ಓಡಿದ್ದನ್ನು ಒಳಗೆ ನಿಂತು ಕಿಟಕಿಯಿಂದ ನೋಡಿದೆ. ಸೂಜಿ ಹಾಕಿಸಿಕೊಳ್ಳಲು ಚಿಕ್ಕೋಡಿಗೆ ಮತ್ತೆ ಮತ್ತೆ ಬಸ್ಸು ಹತ್ತಬೇಕಾಯಿತು ಅವನಿಗೆ. ನನಗೆ ನಿಮ್ಮ ಮುತ್ಯಾ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಸೇರಿತು. ಇದನ್ನು ಸುಳ್ಳು ಮಾಡಿ ಬರೆಯಲಾರೆ.

ವಾಘ್ಯಾ ಆಮೇಲೆ ಇನ್ನೂ ಇಬ್ಬರನ್ನು ಕಚ್ಚಿತು. ಎಮ್ಮೆ ನೋಡಲು ಬಂದ ದಲಾಲನನ್ನು, ಕಬ್ಬು ಕಡಿಯುವ ಗ್ಯಾಂಗಿನ ಒಬ್ಬನನ್ನು. ಅವರು ಅವನ ಕಡೆಯವರೇ ಇರಬೇಕು, ನಾಯಿಗೆ ಗೊತ್ತಾಗುತ್ತದೆ ಎಂದುಕೊಂಡೆ. ನಾನು ಆಡದ ಮಾತನ್ನೆಲ್ಲ ಅದು ಆಡುತ್ತಿದೆ ಎಂಬ ಹೆಮ್ಮೆ ನನಗೆ.

ಹೀಗಿರುವಾಗ, ಮದುವೆಯಾಗಿ ಹೋಗಿದ್ದ ನಿಮ್ಮ ಅವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಿಮ್ಮ ಅಪ್ಪ ಬೋರಗಾಂವದಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ. ಅವರದು ಮಗ್ಗದ ಶೆಡ್ಡಿನ ಪಕ್ಕದಲ್ಲಿ ಒಂದೇ ಖೋಲಿ. ಹಗಲೂ ಇರುಳೂ ಖಟಖಟ ಸದ್ದು, ಗಾಳಿಯಲ್ಲೆಲ್ಲ ಹತ್ತಿಯ ಧೂಳು. ಅಲ್ಲಿ ಹಸಿ ಬಾಣಂತನ ಆಗುವಂತಿರಲಿಲ್ಲ. ಐದು ತಿಂಗಳು ಇಲ್ಲಿಯೇ ಇರುವುದೆಂದು ಮಾತಾಗಿತ್ತು.

ಆಸ್ಪತ್ರೆಯಿಂದ ಕೂಸನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ತಂದ ದಿನ ವಾಘ್ಯಾ ಹತ್ತಿರ ಬಂದು ಮೂಸಿತು, ಬಾಲ ಆಡಿಸಿತು, ಬಾಗಿಲಲ್ಲಿ ಮಲಗಿತು. ಇನ್ನೊಂದು ಕಾವಲು ಸಿಕ್ಕಿತು ಎಂದುಕೊಂಡೆ. ಹದಿಮೂರನೇ ದಿನ ತೊಟ್ಟಿಲಿಗೆ ಹಾಕಿದೆವು. ಆವತ್ತಿನಿಂದ ಅದು ಕೂಸಿನ ಕಡೆ ನೋಡಿ ಗುರುಗುಟ್ಟಲು ಶುರು ಮಾಡಿತು. ಜನ ಸೇರಿದ್ದಕ್ಕೆ ಇರಬಹುದು ಎಂದು ಬಿಟ್ಟೆ. ಜನ ಹೋದ ಮೇಲೂ ನಿಲ್ಲಲಿಲ್ಲ. ದಿನಾ ಅಲ್ಲ, ಒಂದೊಂದು ಸಲ. ಆದರೆ ಆ ಒಂದೊಂದು ಸಲ ಅದರ ಬೆನ್ನ ಮೇಲಿನ ಕೂದಲು ನಿಲ್ಲುತ್ತಿತ್ತು, ತುಟಿ ಮೇಲೇರಿ ಹಲ್ಲು ಕಾಣುತ್ತಿತ್ತು. ಆ ಮುಖವನ್ನು ನಾನು ಮೊದಲು ನೋಡಿದ್ದೆ, ಬಾವಿಯ ಹತ್ತಿರ.

ನಿಮ್ಮ ಅಪ್ಪ ಕೂಸನ್ನು ನೋಡಲು ಬಂದಾಗಲೂ ಹಾಗೇ ಮಾಡಿತು. ಅವನು ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಹಗ್ಗ ಕಿತ್ತುಕೊಳ್ಳುವಂತೆ ಎಗರಿತು. ಅವನು ಕೂಸನ್ನು ಒಳಗೆ ಕೊಟ್ಟು ಬಂದು ಕಟ್ಟೆಯ ಮೇಲೆ ಕುಳಿತ.

“ಅತ್ಯಾ, ಸಿಟ್ಟ ಮಾಡಬ್ಯಾಡ್ರಿ. ನಾ ಇನ್ನ ಒಂಬತ್ತ ದಿನಕ್ಕ ಮತ್ತ ಬರ್ತೀನಿ. ಅವತ್ತೂ ಈ ನಾಯಿ ಇಲ್ಲೇ ಇತ್ತಂದ್ರ, ನಾ ಇಬ್ಬರ್ನೂ ಕರ್ಕೊಂಡ ಹೋಗಾಂವನ.”

“ಅಲ್ಲಿ ಹತ್ತಿ ಹಾರತೈತಿ, ಹಸಿ ಕೂಸು...” ಎಂದೆ.

“ಹತ್ತಿ ಹಾರಿದ್ರ ಕೆಮ್ಮ ಬರ್ತೈತ್ರಿ. ಇದು ಹಾರಿದ್ರ ಏನ ಉಳೀತೈತಿ?”

ನಾನು ಎದ್ದು ಹೋಗಿ ನಾಯಿಯ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ.

ಈ ಸುದ್ದಿ ಬದು ದಾಟಲು ಒಂದು ದಿನವೂ ಬೇಕಾಗಲಿಲ್ಲ. ನಾನು ಮೇವು ಕೊಯ್ಯುತ್ತಿದ್ದಾಗ ಪಕ್ಕದ ತೋಟದವನು ತನ್ನ ಕಡೆಯಿಂದ ಕೂಗಿದ.

“ಏನ ವೈನಿ, ನಿನ್ನ ವಾಘ ಮನಿ ಕೂಸಿಗೇ ಬಾಯಿ ಹಾಕಾಕತ್ತೈತಂತಲಾ? ಬಜಿಯಾಗ ಒಂದ ಗುಳಿಗಿ ಇಟ್ಟ ಕೊಡ್ತೀನಿ ತಗೋ. ನಿಂಗೂ ಚಿಂತಿ ಇಲ್ಲ, ನಂಗೂ ಪುಣ್ಯಾ.”

ಅವನು ಹಾಗೆ ಅನ್ನದೆ ಇದ್ದಿದ್ದರೆ ನಾನು ಅವತ್ತೇ ನಾಯಿಯನ್ನು ಯಾರಿಗಾದರೂ ಕೊಡುತ್ತಿದ್ದೆನೋ ಏನೋ. ಅಂದ ಮೇಲೆ ಕೊಡಲಾರೆ ಎನಿಸಿತು. ನಾಯಿ ಹೋದ ದಿನ ಅವನು ಬದು ದಾಟಿ ಬರುತ್ತಾನೆ, ನಗುತ್ತ ಬರುತ್ತಾನೆ. ಆ ನಗು ನನಗೆ ಕೂಸಿನ ಮುಖಕ್ಕಿಂತ ಮುಂದೆ ಬಂದು ನಿಂತಿತು. ಕೂಸಿಗೂ ಏನೂ ಆಗಬಾರದು, ನಾಯಿಯೂ ಉಳಿಯಬೇಕು, ಒಂಬತ್ತು ದಿನದಲ್ಲಿ ಅದನ್ನು ಪಳಗಿಸುತ್ತೇನೆ ಎಂದು ಹಟ ಹಿಡಿದೆ.

ಅವತ್ತೇ ದೊಡ್ಡ ಎಮ್ಮೆಗೆ ಕೆಚ್ಚಲು ಬಾವು ಬಂದು ದನದ ಡಾಕ್ಟರು ಬಂದಿದ್ದರು. ನಾನು ಕೇಳಲಿಲ್ಲ, ನಿಮ್ಮ ಅವ್ವ ಕೇಳಿದಳು. ಅವರು ವಾಘ್ಯಾನ ಕಣ್ಣು, ಬಾಯಿ ನೋಡಿದರು. ಹುಚ್ಚುನಾಯಿ ಸೂಜಿ ಹಾಕಿಸಿದ್ದೇವೆಂದು ಖಾತ್ರಿ ಮಾಡಿಕೊಂಡರು.

“ರೋಗ ಏನಿಲ್ಲ ಅವ್ವಾರ. ನಾಯಿ ಸುಮ್ಮ ಸುಮ್ಮನ ಗುರ್ ಅನ್ನೂದಿಲ್ಲ. ಅದರಕಿಂತ ಮೊದಲ ಏನಾತು ಅಂತ ನೋಡ್ರಿ, ಬರದ ಇಡ್ರಿ. ಬಾಯಿ ಕಟ್ಟದ ಬಿಡಬ್ಯಾಡ್ರಿ. ಕೂಸು, ನಾಯಿ ಎರಡನ್ನೂ ಬಿಟ್ಟ ನೀವು ಒಂದ ಗಳಿಗಿನೂ ಒಳಗ ಹೋಗಬ್ಯಾಡ್ರಿ.”

ಬರೆದಿಡುವುದು ನನಗೆ ಸರಿ ಹೋಯಿತು. ನಿಮ್ಮ ಅವ್ವನ ಶಾಲೆಯ ಹಳೆಯ ವಹಿಯೊಂದನ್ನು ತೆಗೆದುಕೊಂಡೆ. ಹುಣಸೆ ಗಿಡಕ್ಕೆ ವಾಘ್ಯಾನನ್ನು ಕಟ್ಟಿ, ಅಲ್ಲಿಂದ ನಲವತ್ತು ಮೊಳ ಅಳೆದು ಸುಣ್ಣದಲ್ಲಿ ಗೆರೆ ಹಾಕಿದೆ. ಕರು ಮಣ್ಣು ತಿನ್ನಬಾರದೆಂದು ಅದರ ಬಾಯಿಗೆ ಹಾಕುವ ಕುಕ್ಕೆ ಇತ್ತಲ್ಲ, ಹಗ್ಗದಲ್ಲಿ ಹೆಣೆದದ್ದು, ಅದನ್ನು ಬಿಗಿ ಮಾಡಿ ನಾಯಿಯ ಬಾಯಿಗೆ ಹಾಕಿದೆ. ಮೊದಲನೆಯದನ್ನು ಅರ್ಧ ದಿನದಲ್ಲಿ ಅಗಿದು ಹಾಕಿತು. ಎರಡನೆಯದಕ್ಕೆ ತೆಳ್ಳನೆಯ ತಂತಿ ಸೇರಿಸಿ ಹೆಣೆದೆ. ದಿನಾ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ನಿಮ್ಮ ಅವ್ವ ಕೂಸನ್ನು ಎತ್ತಿಕೊಂಡು ಗೆರೆಯ ಮೇಲೆ ನಿಲ್ಲಬೇಕು. ನಾಯಿ ಸುಮ್ಮನಿದ್ದರೆ ನಾನು ಕುಕ್ಕೆ ಸರಿಸಿ ಹಾಲು ರೊಟ್ಟಿಯ ತುತ್ತು ಕೊಡಬೇಕು. ಅವಳು ಒಳಗೆ ಹೋದ ಕೂಡಲೇ ತುತ್ತು ನಿಲ್ಲಬೇಕು. ಕೂಸು ಬಂದರೆ ಹಾಲು, ಹೋದರೆ ಇಲ್ಲ. ಕೂಸಿನ ಒದ್ದೆ ಬಟ್ಟೆಯನ್ನೂ ನಾಯಿ ಮಲಗುವ ಚೀಲದ ಕೆಳಗೆ ಇಟ್ಟೆ, ವಾಸನೆ ರೂಢಿಯಾಗಲಿ ಎಂದು. ಸುಮ್ಮನಿದ್ದ ದಿನ ಐದು ಮೊಳ ಮುಂದೆ ಗೆರೆ ಹಾಕುತ್ತಿದ್ದೆ.

ಹಗೆಯನ್ನು ಕಲಿಸಿದ ಕೈ ಇದನ್ನೂ ಕಲಿಸಬಲ್ಲದು ಎಂದು ನನಗೆ ನಂಬಿಕೆ ಇತ್ತು. ಮೊದಲ ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಐದನೆಯ ದಿನ ಮೋಡ ಮುಚ್ಚಿ ತಣ್ಣನೆಯ ಗಾಳಿ ಬೀಸಿತು. ಅವತ್ತು ಇಪ್ಪತ್ತು ಮೊಳದಲ್ಲಿ ನಾಯಿ ಕುಕ್ಕೆಯೊಳಗಿಂದಲೇ ನೊರೆ ಬರುವಂತೆ ಬೊಗಳಿತು. ಮೊದಲಿನಿಂದ ಶುರು ಮಾಡಬೇಕಾಯಿತು. ಮರುದಿನ ಬಿಸಿಲು ಬಿತ್ತು, ಮತ್ತೆ ಕುರಿಯಂತೆ ಸುಮ್ಮನಾಯಿತು. ನನ್ನ ವಹಿಯಲ್ಲಿ ಹೊತ್ತು, ಮೊಳ, ಕೂಸನ್ನು ಎತ್ತಿಕೊಂಡವರು ಯಾರು, ಕೂಸು ಅಳುತ್ತಿತ್ತೋ ಮಲಗಿತ್ತೋ, ಎಲ್ಲ ಇದೆ. ಕೂಸು ಏನು ಹೊದ್ದಿತ್ತು ಎಂಬುದನ್ನು ಮಾತ್ರ ನಾನು ಬರೆಯಲಿಲ್ಲ.

ಎಂಟನೆಯ ದಿನ ಕುಕ್ಕೆಯ ತಂತಿ ತಾಗಿ ವಾಘ್ಯಾನ ಮೂಗು ಹುಣ್ಣಾಗಿತ್ತು. ಬೆಣ್ಣೆ ಹಚ್ಚಲು ಕುಕ್ಕೆ ತೆಗೆದೆ. ನಾಯಿಯನ್ನು ಗಿಡದಿಂದ ಬಿಚ್ಚಿ ಅಂಗಳದ ಗೂಟಕ್ಕೆ ಕಟ್ಟಿದ್ದೆ. ಕರು ಹಗ್ಗ ಸುತ್ತಿಕೊಂಡು ಒದರಿದ್ದಕ್ಕೆ ಆ ಕಡೆ ಹೋದೆ. ಅದೇ ಹೊತ್ತಿಗೆ, ಕುಕ್ಕೆ ತೆಗೆದದ್ದು ಗೊತ್ತಿಲ್ಲದೆ, ನಿಮ್ಮ ಅವ್ವ ಕೂಸನ್ನು ಕೌದಿಯಲ್ಲಿ ಸುತ್ತಿ, ಎಳೆಬಿಸಿಲಿಗೆಂದು ಅಂಗಳದ ಹೊರಸಿನ ಮೇಲೆ ಮಲಗಿಸಿ, ನೀರಿನ ಹಂಡೆ ನೋಡಲು ತಿರುಗಿದಳು.

ಗೂಟ ಕಿತ್ತು ಬಂದ ಸದ್ದು ನನಗೆ ಕೇಳಿಸಿತು. ನಾನು ತಿರುಗುವಷ್ಟರಲ್ಲಿ ವಾಘ್ಯಾ ಕೌದಿಯ ಅಂಚು ಹಿಡಿದು ಎಳೆದಿತ್ತು. ಕೂಸು ಹೊರಸಿನಿಂದ ಉರುಳಿ ಜೋಳದ ಕಣಕಿಯ ರಾಶಿಯ ಮೇಲೆ ಬಿತ್ತು. ನಿಮ್ಮ ಅವ್ವ ಚೀರಿದಳು. ನಾನು ಸಗಣಿ ಎತ್ತುವ ಸಲಿಕೆ ಹಿಡಿದು ಓಡಿದೆ. ಒಂದೇ ಪೆಟ್ಟಿಗೆ ತಲೆ ಒಡೆಯಬೇಕೆಂದು ಸಲಿಕೆಯನ್ನು ಎರಡೂ ಕೈಯಲ್ಲಿ ಎತ್ತಿದೆ.

ಬರೀ ಮೈಯಲ್ಲಿ ಕೂಸು ಎರಡು ಮೊಳ ದೂರದಲ್ಲಿ ಅಳುತ್ತಿತ್ತು. ವಾಘ್ಯಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕೌದಿಯನ್ನು ಕಾಲಲ್ಲಿ ಒತ್ತಿ, ಹಲ್ಲಲ್ಲಿ ಹರಿದು, ಎಡಕ್ಕೂ ಬಲಕ್ಕೂ ಕೊಡವಿತು. ಒಂದು ತುಂಡು ಕಿತ್ತು ಬಂತು. ಆ ತುಂಡನ್ನು ಕಚ್ಚಿಕೊಂಡು ನನ್ನ ಹತ್ತಿರ ಬಂದಿತು. ಸಲಿಕೆ ಎತ್ತಿ ನಿಂತವಳ ಕಾಲ ಬಳಿ ಅದನ್ನು ಇಟ್ಟಿತು. ಇಟ್ಟು, ಕುಳಿತು, ಬಾಲ ಆಡಿಸುತ್ತ ನನ್ನ ಮುಖ ನೋಡಿತು. ಹಾಲಿನಲ್ಲಿ ನೆನೆಸಿದ ರೊಟ್ಟಿಗೆ ಕಾಯುತ್ತಿತ್ತು.

ಸಲಿಕೆ ಕೆಳಗೆ ಇಳಿಸಿದೆ. ನಾಯಿಗೆ ಸರಪಳಿ ಹಾಕಿ ಗಿಡಕ್ಕೆ ಬಿಗಿದೆ. ಕೂಸಿನ ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ದೊಡ್ಡವಳೇ, ನಿನ್ನ ಎಡ ಮೊಣಕೈಯ ಮೇಲಿನ ಕಲೆ ಅದೇ.

ಆ ತುಂಡು ಹಸಿರು ಸೀರೆಯದು, ಹಳದಿ ದಡಿ. ನಮ್ಮ ಮನೆಯದಲ್ಲ.

“ಈ ಅರಿವಿ ಯಾರದು?” ಎಂದು ಕೇಳಿದೆ. ನಿಮ್ಮ ಅವ್ವ ಕೂಸನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದವಳು ಅಳು ನಿಲ್ಲಿಸಿದಳು.

ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹೊದಿಸುವುದಿಲ್ಲ. ಮಕ್ಕಳೊಂದಿಗರ ಐದು ಮನೆಯ ಹಳೆಯ ಸೀರೆ ಬೇಡಿ ತಂದು ಕೌದಿ ಹೊಲಿಸುತ್ತಾರೆ, ಆ ತಾಯಂದಿರ ಮಕ್ಕಳಂತೆ ಇದೂ ಗಟ್ಟಿಯಾಗಲಿ ಎಂದು. ನಾಲ್ಕು ಮನೆಯದನ್ನು ನಾನೇ ತಂದಿದ್ದೆ. ಐದನೆಯದನ್ನು ನಿಮ್ಮ ಅವ್ವ ತಂದು, ಹೊಲಿಯುವ ಮುದುಕಿಗೆ ನೇರವಾಗಿ ಕೊಟ್ಟಿದ್ದಳು. ಕೌದಿ ಮನೆಗೆ ಬಂದದ್ದು ತೊಟ್ಟಿಲಿಗೆ ಹಾಕಿದ ದಿನ, ಚಳಿ ಎನಿಸಿದಾಗ ಮಾತ್ರ ಹೊದಿಸುತ್ತಿದ್ದೆವು.

“ಬದುವಿನ ಆಚಿ ಕಾಕುದು” ಎಂದಳು. ಪಕ್ಕದ ತೋಟದವನ ಹೆಂಡತಿ. “ಆಕಿದು ನಾಕೂ ಮಕ್ಕಳು ಒಂದ ದಿನಾ ಜಡ್ಡ ಬಿದ್ದ ಮಲಗಿಲ್ಲವ್ವಾ, ಆಕಿ ಸೀರಿ ಛಲೋ ಅಂತ ಎಲ್ಲಾರೂ ಅಂದ್ರು. ಆಕಿ ಗಂಡಗ ಕಾಣದಂಗ ತಂದ ಕೊಟ್ಟಳು. ನಿಂಗ ಹೇಳಿದ್ರ ನೀ ಒಲಿಗಿ ಹಾಕ್ತಿದ್ದಿ.”

ಹಾಕುತ್ತಿದ್ದೆ. ಅದು ನಿಜ.

ಆದರೂ ನನಗೆ ಒಂದು ತಿಳಿಯಲಿಲ್ಲ. ನಾನು ಕಲಿಸಿದ್ದು ಅವನ ಗುರುತು, ಅವನ ಹೆಂಡತಿಯದಲ್ಲ. ತುಂಡನ್ನು ಮೂಗಿಗೆ ಹಿಡಿದೆ. ಎರಡು ಸಲ ಒಗೆದ ಬಟ್ಟೆ, ನನಗೆ ಸೀಗೆಪುಡಿಯ ವಾಸನೆ ಬಿಟ್ಟು ಏನೂ ಬರಲಿಲ್ಲ. ಕೌದಿಯ ಉಳಿದ ಭಾಗವನ್ನು ಬಿಚ್ಚಿ ನೋಡಿದೆ. ಆ ಹಸಿರು ಸೀರೆಯ ಮಡಿಕೆಗಳ ಒಳಗೆ, ಹೊಲಿಗೆಯ ಸಂದಿನಲ್ಲಿ ಕಂದು ಪುಡಿ ಸಿಕ್ಕಿಕೊಂಡಿತ್ತು. ಅವರದು ತಂಬಾಕಿನ ಮನೆ. ನಿಪ್ಪಾಣಿಗೆ ಹೋಗುವ ತಂಬಾಕಿನ ಗಂಟುಗಳು ಅವರ ಪಡಸಾಲೆಯಲ್ಲೇ ಇರುತ್ತವೆ, ಹಳೆಯ ಸೀರೆಗಳನ್ನೇ ಅವುಗಳ ಮೇಲೆ ಹೊದಿಸುತ್ತಾರೆ.

ಒಳಗೆ ಹೋಗಿ ಟ್ರಂಕು ತೆಗೆದೆ. ನಿಮ್ಮ ಮುತ್ಯಾನ ಅಂಗಿಯೊಂದನ್ನು ನಾನು ಒಗೆಯದೆ ಇಟ್ಟಿದ್ದೆ, ಜೇಬಿನಲ್ಲಿ ಅವರ ತಂಬಾಕಿನ ಚಂಚಿ ಇರುವಂತೆಯೇ. ಅದನ್ನು ತಂದು ವಾಘ್ಯಾನ ಮುಂದೆ, ಸರಪಳಿಗೆ ಸಿಗದಷ್ಟು ದೂರದಲ್ಲಿ ನೆಲದ ಮೇಲೆ ಹಾಸಿದೆ. ನಾಯಿ ಮೂಗು ಮುಂದೆ ಮಾಡಿತು. ಮರುಗಳಿಗೆ ಸರಪಳಿ ಕುತ್ತಿಗೆಗೆ ಒತ್ತಿ ಉಸಿರು ಕಟ್ಟುವಂತೆ ಆ ಅಂಗಿಯ ಮೇಲೆ ಎಗರತೊಡಗಿತು. ಅದೇ ಮುಖ, ಅದೇ ಹಲ್ಲು.

ನಾನು ಏಳು ತಿಂಗಳು ಅದರ ಮೂಗಿಗೆ ಹಿಡಿದ ಟಾವೆಲ್ಲಿನಲ್ಲಿ ಇದ್ದದ್ದೂ ತಂಬಾಕಿನ ವಾಸನೆಯೇ. ಎಮ್ಮೆಯ ದಲಾಲನ ಬಾಯಲ್ಲಿ ತಂಬಾಕಿತ್ತು. ಕಬ್ಬು ಕಡಿಯುವವನ ಬಾಯಲ್ಲಿ ಇತ್ತು. ನಿಮ್ಮ ಅಪ್ಪನೂ ಆಗ ಹಾಕುತ್ತಿದ್ದ. ನನ್ನ ವೈರಿಯ ಗುರುತು ಹಿಡಿಯುತ್ತದೆಂದು ನಾನು ಹೆಮ್ಮೆಪಟ್ಟ ನಾಯಿಗೆ ನನ್ನ ವೈರಿ ಯಾರೆಂದೇ ಗೊತ್ತಿರಲಿಲ್ಲ. ನಿಮ್ಮ ಮುತ್ಯಾ ಎದ್ದು ಬಂದಿದ್ದರೆ ಅದು ಮೊದಲು ಅವರ ಕಾಲು ಹರಿಯುತ್ತಿತ್ತು.

ಅಂಗಿಯನ್ನು ಎತ್ತಿಕೊಂಡು ಅಲ್ಲಿಯೇ ಕುಳಿತೆ. ನಿಮ್ಮ ಅವ್ವ ಹತ್ತಿರ ಬಂದು ನನ್ನ ಭುಜ ಹಿಡಿದಳು.

“ಕೌದಿ ಸುಟ್ರಾತು ಬಿಡವ್ವಾ. ಕೂಸಿನ ಮ್ಯಾಲ ಅದಕ್ಕ ಸಿಟ್ಟಿಲ್ಲಲ್ಲ. ನಾ ನನ್ನ ಗಂಡಗ ಹೇಳ್ತೀನಿ. ನೀ ಒಬ್ಬಾಕಿ ಇರಾಕಿ, ನಾಯಿ ಇರ್ಲಿ.”

ಅವಳು ಸುಳ್ಳು ಹೇಳಲಿಲ್ಲ. ಕೌದಿ ಸುಟ್ಟರೆ ನಾಯಿ ಉಳಿಯುತ್ತಿತ್ತು, ಬದುವಿನ ಆಚೆಯವನು ಆಚೆಯೇ ಉಳಿಯುತ್ತಿದ್ದ. ನನಗೆ ಆಸೆಯಾಯಿತು. ಆದರೆ ನಾಳೆ ನಿಮ್ಮ ಅಪ್ಪ ಬಂದು ಅದೇ ವಾಸನೆಯ ಕೈಯಲ್ಲಿ ಕೂಸನ್ನು ಎತ್ತಿಕೊಳ್ಳುತ್ತಾನೆ. ನೋಡಲು ಬರುವ ಪ್ರತಿ ಮುದುಕ, ಮುದುಕಿ ತಂಬಾಕು ತಿಕ್ಕಿದ ಬೆರಳಿನಿಂದಲೇ ಕೂಸಿನ ಗಲ್ಲ ಮುಟ್ಟುತ್ತಾರೆ. ಈ ಸೀಮೆಯಲ್ಲಿ ತಂಬಾಕು ಮುಟ್ಟದ ಕೈ ಎಲ್ಲಿದೆ?

ಹಾಗೆ ಕೇಳಿಕೊಂಡಾಗಲೇ ಒಂದು ಜಾಗ ನೆನಪಾಯಿತು. ಜುಗೂಳದಲ್ಲಿ ಹೊಳೆಯ ದಂಡೆಗೆ ಒಬ್ಬ ಜೈನ ಹಿರಿಯರ ತೋಟವಿದೆ. ವ್ರತದವರು, ಹೊತ್ತು ಮುಳುಗುವ ಮೊದಲೇ ಉಣ್ಣುವವರು. ಹಿಂದೆ ನಮ್ಮ ಎಮ್ಮೆಯ ಮಣಕವೊಂದನ್ನು ಅವರಿಗೆ ಕೊಟ್ಟಿದ್ದೆವು. ಬಿಟ್ಟು ಬರಲು ಹೋದ ನಿಮ್ಮ ಮುತ್ಯಾನನ್ನು ತೋಟದ ಬಾಗಿಲಲ್ಲೇ ನಿಲ್ಲಿಸಿ, ಚಂಚಿಯನ್ನು ಹೊರಗೆ ಬೇವಿನ ಗಿಡಕ್ಕೆ ತೂಗುಹಾಕಿಸಿ, ಬಾಯಿ ತೊಳೆಸಿ ಒಳಗೆ ಬಿಟ್ಟಿದ್ದರಂತೆ. “ಎಮ್ಮಿ ಒಳಗ ಹೋತು, ನಾ ಹೊರಗ ನಿಂತೆ” ಎಂದು ಮನೆಗೆ ಬಂದು ನಕ್ಕಿದ್ದರು.

ನಿಮ್ಮ ಅವ್ವ ಫೋನು ಮಾಡಿ, ತಂಬಾಕಿನ ವಿಷಯ ಹೇಳಿ ಕೇಳಿದಳು. ಹಂದಿಗಳು ಬಾಳೆ ಕೆಡಿಸುತ್ತಿವೆ, ನಾಯಿ ಬೇಕೇ ಇತ್ತು, ತನ್ನಿರಿ ಎಂದರು.

ಮರುದಿನ ಬೆಳಿಗ್ಗೆ ಟಂಟಂ ಗಾಡಿ ಕರೆಸಿ, ಓಡಿಸುವವನ ತಂಬಾಕಿನ ಪುಡಿಕೆಯನ್ನು ಮನೆಯಲ್ಲಿ ಇಡಿಸಿಕೊಂಡು, ವಾಘ್ಯಾನನ್ನು ಹಿಂದೆ ಹತ್ತಿಸಿ ಪಕ್ಕದಲ್ಲಿ ಕುಳಿತೆ. ಬದುವಿನ ಆಚೆ ಅವನು ಸೊಂಟದ ಮೇಲೆ ಕೈ ಇಟ್ಟು ನೋಡುತ್ತ ನಿಂತಿದ್ದ. ನಾನು ಮುಖ ತಿರುಗಿಸಲಿಲ್ಲ, ಅವನನ್ನೇ ನೋಡುತ್ತ ಹೋದೆ.

ಹಿರಿಯರು ಬಿಳಿ ಧೋತರ ಉಟ್ಟು ಬಾಗಿಲಲ್ಲೇ ನಿಂತಿದ್ದರು. ನಾಯಿ ಅವರ ಕೈ ಮೂಸಿತು, ಸುಮ್ಮನಾಯಿತು.

“ಇಲ್ಲೆ ತಂಬಾಕಿಲ್ಲ, ಬೀಡಿ ಇಲ್ಲ ತಂಗಿ. ಆಳುಗೋಳೂ ಹೊರಗ ಇಟ್ಟ ಬರ್ತಾರ. ಆದ್ರ ಇದಕ್ಕ ಆ ವಾಸನಿ ಮ್ಯಾಲ ಇಷ್ಟ ಹಗಿ ಯಾರ ಕಲಿಸಿದ್ರು?”

ನಾನು ನೆಲ ನೋಡಿದೆ.

“ಗೊತ್ತಾತ ಬಿಡು” ಎಂದರು. “ಮೂಕ ಜೀವಕ್ಕ ಇಂಥಾದ್ದ ಕಲಿಸಬಾರದವಾ. ನಿನ್ನ ಹೊಟ್ಯಾಗಿನ ಬೆಂಕಿ, ಅದರ ಬಾಯಾಗ ಯಾಕ ಇಡ್ತಿ?”

ದೊಡ್ಡವರ ಮಾತು, ತಲೆ ಅಲ್ಲಾಡಿಸಿದೆ. ಮನಸ್ಸಿನಲ್ಲಿ ಮಾತ್ರ, ನಿಮ್ಮ ನಾಲ್ಕು ಸಾಲು ಹೋಗಿಲ್ಲವಲ್ಲ ಎಂದುಕೊಂಡೆ. ವಾಘ್ಯಾನ ಹಗ್ಗವನ್ನು ಅವರ ಕೈಗೆ ಕೊಟ್ಟೆ. ಗಾಡಿ ತಿರುಗಿದಾಗ ಅದು ನನ್ನ ಹಿಂದೆ ಬರಲು ಒಂದು ಸಲ ಜಗ್ಗಿತು, ಆಮೇಲೆ ನಿಂತಿತು. ನಾನು ಬೆನ್ನಿಗೆ ಬಡಿದದ್ದು, ಹಾಲು ರೊಟ್ಟಿ ಹಾಕಿದ್ದು, ಯಾವುದನ್ನು ಅದು ನೆನಪಿಟ್ಟಿತೋ ನನಗೆ ಗೊತ್ತಿಲ್ಲ. ಅದರ ಮೇಲೆ ಮಾಡಿದ ಪಾಪ ನನ್ನದು. ಆಚೆಯವನ ಲೆಕ್ಕಕ್ಕೆ ಅದನ್ನು ಹಾಕಲಾರೆ.

ಬರುವಾಗ ಚಿಕ್ಕೋಡಿಯಲ್ಲಿ ಗಾಡಿ ನಿಲ್ಲಿಸಿದೆ. ಅರ್ಜಿಯನ್ನು ಹಿಂದಿನ ದಿನವೇ ಬರೆದಿಟ್ಟಿದ್ದೆ. ಗಡಿ ಅಳತೆ ಮಾಡಿಕೊಡಬೇಕು ಎಂದು, ಸರ್ವೆ ನಂಬರು ಹಾಕಿ, ನಾಲ್ಕು ಸಾಲಿನ ವಿಷಯ ಬಿಡಿಸಿ ಬರೆದಿದ್ದೆ. ಕಚೇರಿಯವನು ಏನು ಕೇಳಿದರೂ ಆ ಕಾಗದದ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಓದಿ ಮುದ್ರೆ ಒತ್ತಿದ.

ಅವತ್ತೇ ಸಂಜೆ ನಿಮ್ಮ ಅಪ್ಪ ಹೇಳಿದಂತೆ ಬಂದು, ಹುಣಸೆ ಗಿಡದ ಖಾಲಿ ಬುಡ ನೋಡಿ, ಒಬ್ಬನೇ ಬೋರಗಾಂವಕ್ಕೆ ತಿರುಗಿ ಹೋದ. ಕೂಸು ಇಲ್ಲಿಯೇ ಉಳಿಯಿತು.

ವಾಘ್ಯಾ ಹೋದ ನಾಲ್ಕನೆಯ ದಿನ ಹೊತ್ತು ಮೂಡುವಾಗ ನಾನು ದೊಡ್ಡ ಎಮ್ಮೆ ಹಿಂಡುತ್ತಿದ್ದೆ. ನನ್ನ ಮೇವಿನ ಹೊಲದಲ್ಲಿ ಗಂಟೆಯ ಸದ್ದು ಕೇಳಿಸಿತು. ಪಕ್ಕದ ತೋಟದವನು ತನ್ನ ಎರಡು ಎಮ್ಮೆಗಳನ್ನು ಬದು ದಾಟಿಸಿ ಬಿಟ್ಟು, ತಾನೂ ಅಂಗಳದವರೆಗೆ ಬಂದಿದ್ದ. ನಾನು ನೆನೆಸಿಕೊಂಡಿದ್ದೆನಲ್ಲ, ಹಾಗೆಯೇ ನಗುತ್ತಿದ್ದ.

“ಏನ ವೈನಿ, ವಾಘ ಸತ್ತಿತೇನು?”

ನಾನು ಬಕೀಟು ಕೆಳಗಿಟ್ಟೆ. “ಸತ್ತಿಲ್ಲ. ನಿನ್ನ ಎಮ್ಮಿ ಹಿಂದಕ ಹೊಡಿ” ಎಂದೆ.

ನಾನು ಮಾತಾಡಿದ್ದಕ್ಕೆ ಅವನಿಗೆ ಬೆರಗು. “ಹೊಡೀದಿದ್ರ?” ಎಂದ.

“ನಿನ್ನ ಕಾಲ ಹರದದ್ದ ನಾಯಿ ಅಂತ ತಿಳದೀ ಏನ? ನಾ. ನಿನ್ನ ಟಾವೆಲ್ ಇಟ್ಟಕೊಂಡ ಏಳ ತಿಂಗಳ ಎರಡೂ ಹೊತ್ತ ಅದಕ್ಕ ಸಾಲಿ ಕಲಿಸೀನಿ. ನಿಮ್ಮಣ್ಣನ ಅಸ್ಥಿ ನೀರಿನ್ಯಾಗ ಮುಳಗಿದ್ದಿಲ್ಲ, ನೀ ಬದಾ ಒಡದಿ. ಹೆಗಲ ಕೊಟ್ಟ ಬಂದ ಹೆಗಲಲೆ ಕಲ್ಲ ಕಿತ್ತಿ. ಅವತ್ತ ಡೇರಿ ಮುಂದ ನಗಸಿದೆಲ್ಲ, ಈಗ ನಗು.”

“ಏ, ನಾಯಿ ಬಿಟ್ಟ ಕಚ್ಚಸೀನಿ ಅಂತಿ? ಕೇಸ ಹಾಕ್ತೀನಿ ನೋಡ ನಿನ್ನ ಮ್ಯಾಲ!”

“ಹಾಕು. ನಾನ ಕಚ್ಚಸೀನಿ ಅಂತ ಠಾಣ್ಯಾಗ ನಿಂತ ಹೇಳ್ತೀನಿ. ಯಾಕ ಅಂತ ಕೇಳ್ತಾರಲ್ಲ, ಅದನ್ನೂ ಹೇಳ್ತೀನಿ. ಅಳತೀಗೆ ಅರ್ಜಿ ಕೊಟ್ಟ ಬಂದೀನಿ, ಸರಪಳಿ ತಗೊಂಡ ಬರ್ತಾರ. ನೀನೂ ಬಂದ ನಿಂದ್ರು. ಮತ್ತ ನಾಯಿ ಒಂದ ಹ್ವಾದ್ರ ಇನ್ನೊಂದ ಸಿಗತೈತಿ. ಟಾವೆಲ್ ನನ್ನ ಹಂತೇಕ ಐತಿ.”

ಕೊನೆಯದು ಸುಳ್ಳು. ಟಾವೆಲ್ಲನ್ನು ಹರಿದ ಕೌದಿಯ ಜೊತೆಗೇ ಸುಟ್ಟಿದ್ದೆ. ಅವನಿಗೆ ಅದು ಗೊತ್ತಿರಲಿಲ್ಲ. ಅವನ ಕಣ್ಣು ಹುಣಸೆ ಗಿಡದ ಬುಡಕ್ಕೂ ಗೋದಲಿಯ ಹಿಂದಕ್ಕೂ ಓಡಾಡಿತು. ಮೀನಖಂಡವನ್ನು ಕೈಯಿಂದ ಸವರಿಕೊಂಡ. ಎಮ್ಮೆಗಳನ್ನು ಹೊಡೆದುಕೊಂಡು ಹಿಂದೆ ಹೋದ, ಈ ಸಲ ಕುಂಟದೆ, ಆದರೆ ಅವತ್ತಿನಷ್ಟೇ ಬೇಗ. ಅಳತೆಯವರು ಬಂದದ್ದು ಮಳೆಗಾಲ ಮುಗಿದ ಮೇಲೆ. ಕಲ್ಲು ಹಳೆಯ ಜಾಗಕ್ಕೆ ಹೋಯಿತು. ಅವನನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ.

ಅವನು ಬದು ದಾಟುವವರೆಗೆ ನಿಂತೇ ಇದ್ದೆ. ಆಮೇಲೆ ಗೋದಲಿಯ ಕಟ್ಟೆಯ ಮೇಲೆ ಕುಳಿತೆ. ಎಮ್ಮೆ ಬಕೀಟನ್ನು ಒದ್ದು ಹಾಲೆಲ್ಲ ನೆಲಕ್ಕೆ ಚೆಲ್ಲಿತ್ತು. ನಿಮ್ಮ ಅವ್ವ ನಿದ್ದೆಗಣ್ಣಿನಲ್ಲಿ ಬಾಗಿಲಿಗೆ ಬಂದು ಸಿಡುಕಿದಳು.

“ಅವ್ವಾ, ಎಷ್ಟ ಜೋರ ಮಾತಾಡ್ತೀ? ಕೂಸ ಎದ್ದಿತು ನೋಡ.”

ನನಗೆ ಐವತ್ತನಾಲ್ಕು ವರ್ಷವಾಗಿತ್ತು. ಜೋರಾಗಿ ಮಾತಾಡಬೇಡ ಎಂದು ಒಬ್ಬರು ನನಗೆ ಹೇಳಿದ್ದು ಅದೇ ಮೊದಲು.